ಒಬ್ಬನೇ ಬೇಟೆಗಾರ, ಒಬ್ಬನೇ ಛಾಯಾಗ್ರಾಹಕ: ತನ್ನ ಬೇಟೆಯನ್ನು ತಾನೇ ಚಿತ್ರೀಕರಿಸುವ ಬಗೆ

ತನ್ನ ಬೇಟೆಯನ್ನು ತಾನೇ ಚಿತ್ರೀಕರಿಸಬೇಕೆಂದು ಹೊರಡುವವರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ಈ ಕೆಲಸದ ನಿಜವಾದ ತೊಡಕು ಬೇರೆ ಕಡೆ ಇದೆ. ಪ್ರಾಣಿ ಕಣ್ಣಿಗೆ ಬಿದ್ದ ಗಳಿಗೆಯಿಂದ ಗುಂಡೋ ಬಾಣವೋ ಹೊರಡುವವರೆಗೆ ಬೇಟೆಗಾರನಿಗೆ ಸಿಗುವುದು ಎಷ್ಟೋ ಸಲ ಅರ್ಧ ನಿಮಿಷ, ಕೆಲವೊಮ್ಮೆ ಐದಾರು ಸೆಕೆಂಡು. ಅಷ್ಟರೊಳಗೆ ಅವನು ಪ್ರಾಣಿಯನ್ನು ಸರಿಯಾಗಿ ಗುರುತಿಸಬೇಕು, ಅದರ ಹಿಂದೆ ಏನಿದೆಯೆಂದು ನೋಡಬೇಕು, ದೂರವನ್ನು ಅಂದಾಜಿಸಬೇಕು, ಅದು ಪಕ್ಕೆ ತೋರಿಸಿ ನಿಲ್ಲುವವರೆಗೆ ಕಾಯಬೇಕು, ಉಸಿರನ್ನು ಹಿಡಿತಕ್ಕೆ ತಂದುಕೊಂಡು ಗುರಿ ಇಡಬೇಕು. ಒಬ್ಬಂಟಿಯಾಗಿ ಚಿತ್ರೀಕರಿಸುವವನು ಇದೇ ಅವಧಿಯಲ್ಲಿ ಕ್ಯಾಮೆರಾವನ್ನೂ ಪ್ರಾಣಿಯ ಕಡೆಗೆ ತಿರುಗಿಸಿ, ಚೌಕಟ್ಟು ಸರಿಪಡಿಸಿ, ಫೋಕಸ್ ನೋಡಿ, ದೃಶ್ಯ ದಾಖಲಾಗುತ್ತಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಎರಡೂ ಪೂರ್ಣ ಗಮನ ಬೇಡುವ ಕೆಲಸಗಳು. ಆದ್ದರಿಂದ ಕ್ಯಾಮೆರಾಕ್ಕೆ ಸಂಬಂಧಿಸಿದ ತೀರ್ಮಾನಗಳನ್ನೆಲ್ಲ ಪ್ರಾಣಿ ಬರುವುದಕ್ಕೆ ಮೊದಲೇ ಮುಗಿಸಿಟ್ಟುಕೊಳ್ಳುವುದೇ ಈ ವಿದ್ಯೆಯ ತಿರುಳು. ಬೆಳಕು, ಫೋಕಸ್, ಧ್ವನಿ, ಬ್ಯಾಟರಿಗಳ ಬಗ್ಗೆ ಮುಂದೆ ಹೇಳುವುದೆಲ್ಲ ಇದರ ವಿಸ್ತರಣೆ.

ಬೇಟೆಗೂ ಚಲಿಸುವ ಚಿತ್ರಕ್ಕೂ ನಂಟು ಹಳೆಯದು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎಟಿಯೆನ್-ಜೂಲ್ ಮಾರೆ ಹಕ್ಕಿಗಳ ಹಾರಾಟವನ್ನು ಹಿಡಿದಿಡಲು 1882ರಲ್ಲಿ ರೂಪಿಸಿದ ಉಪಕರಣಕ್ಕೆ ಬಂದೂಕಿನ ಆಕಾರವೇ ಇತ್ತು. ಅದರ ಕುದುರೆ ಒತ್ತಿದರೆ ಸೆಕೆಂಡಿಗೆ 12 ಚಿತ್ರಗಳು ದಾಖಲಾಗುತ್ತಿದ್ದವು. 1920ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಕಾಡುಪ್ರಾಣಿಗಳನ್ನು ಚಿತ್ರೀಕರಿಸಿದ ಅಮೆರಿಕದ ಮಾರ್ಟಿನ್ ಮತ್ತು ಓಸಾ ಜಾನ್ಸನ್ ದಂಪತಿ ಕೆಲಸವನ್ನು ಹಂಚಿಕೊಂಡಿದ್ದರು: ಮಾರ್ಟಿನ್ ಕ್ಯಾಮೆರಾದ ಹಿಡಿಕೆ ತಿರುಗಿಸುವಾಗ ಓಸಾ ರೈಫಲ್ ಹಿಡಿದು ಕಾವಲು ನಿಲ್ಲುತ್ತಿದ್ದರು. ಆ ಹಂಚಿಕೆಯಲ್ಲಿ ವಿವೇಕವಿತ್ತು. ಕ್ಯಾಮೆರಾಗಳು ಅಂಗೈಯಗಲಕ್ಕೆ ಇಳಿದ ಮೇಲೆ ಇಬ್ಬರ ಕೆಲಸವನ್ನು ಒಬ್ಬನೇ ಮಾಡುವುದು ಸಾಧ್ಯವಾಯಿತು, ಸುಲಭವಾಗಲಿಲ್ಲ.

ಕ್ಯಾಮೆರಾ ಮತ್ತು ಗುರಿಯ ನಡುವೆ ಘರ್ಷಣೆ ಬಂದಾಗ ಯಾವುದು ಸೋಲಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಕೂತೇ ನಿರ್ಧರಿಸಿಕೊಳ್ಳಬೇಕು. ಸೋಲಬೇಕಾದದ್ದು ಕ್ಯಾಮೆರಾ. ಜಿಂಕೆ ಸ್ಪಷ್ಟವಾಗಿ ಪಕ್ಕೆ ತೋರಿಸಿ ನಿಂತಿದೆ, ಆದರೆ ಚೌಕಟ್ಟಿನ ಹೊರಗಿದೆ ಎನ್ನೋಣ. ಚೌಕಟ್ಟಿಗೆ ಬರಲೆಂದು ಕಾಯುವಷ್ಟರಲ್ಲಿ ಅದು ಓರೆಯಾಗಿ ತಿರುಗಿಬಿಟ್ಟರೆ, ಮೊದಲು ಒಳ್ಳೆಯದಾಗಿದ್ದ ಗುರಿ ಈಗ ಕೆಟ್ಟದ್ದಾಗಿರುತ್ತದೆ. ಇಷ್ಟು ಹೊತ್ತು ಕಾದವನಿಗೆ ಆ ಕೆಟ್ಟ ಗುರಿಯನ್ನೇ ಒಪ್ಪಿಕೊಳ್ಳುವ ಆಸೆ ಹುಟ್ಟುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ವಿರುದ್ಧ ದಿಕ್ಕಿನ ಒತ್ತಡ: ದೃಶ್ಯ ಅದ್ಭುತವಾಗಿ ಕೂಡಿಬಂದಿದೆ ಎಂಬ ಕಾರಣಕ್ಕೆ, ಕ್ಯಾಮೆರಾ ಇಲ್ಲದಿದ್ದರೆ ಖಂಡಿತ ಬಿಡದಿದ್ದ ದೂರದ ಬಾಣವನ್ನು ಬಿಡುವುದು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ನೋವಿಗೆ ಯಾವ ದೃಶ್ಯವೂ ಸಮರ್ಥನೆಯಾಗಲಾರದು. ಚಿತ್ರ ಕೈತಪ್ಪಿದರೂ ಚಿಂತೆಯಿಲ್ಲ ಎಂದು ಮೊದಲೇ ಒಪ್ಪಿಕೊಂಡವನು ಮಾತ್ರ ಈ ಒತ್ತಡದಿಂದ ಹೊರಗಿರುತ್ತಾನೆ.

ಇನ್ನು ಸಲಕರಣೆಯನ್ನು ನಿಲ್ಲಿಸುವ ವಿಷಯ. ಮರದ ಮೇಲಿನ ಅಟ್ಟಣೆಯಲ್ಲಿ ಕೂರುವವರು ಕಾಂಡಕ್ಕೆ ಪಟ್ಟಿಯಿಂದ ಬಿಗಿಯುವ ಲೋಹದ ತೋಳನ್ನು ಬಳಸುತ್ತಾರೆ. ಅದರ ತುದಿಯಲ್ಲಿ ಕ್ಯಾಮೆರಾ ಕೂರುವ ತಲೆಭಾಗ ಇರುತ್ತದೆ. ನೆಲದ ಮರೆಗುಡಾರದಲ್ಲಿ ಕೂರುವವರಿಗೆ ಗಿಡ್ಡ ಟ್ರೈಪಾಡ್ ಸಾಕು. ಎರಡರಲ್ಲೂ ಖರ್ಚು ಮಾಡಬೇಕಾದದ್ದು ತಲೆಭಾಗಕ್ಕೆ. ಫ್ಲೂಯಿಡ್ ಹೆಡ್ ಎಂದು ಕರೆಯುವ ತಲೆಭಾಗದೊಳಗೆ ಗಟ್ಟಿ ದ್ರವದ ಪದರವಿದ್ದು, ಅದು ಚಲನೆಗೆ ಸಮನಾದ ತಡೆ ಒಡ್ಡುತ್ತದೆ. ಹೀಗಾಗಿ ನಡುಗುವ ಕೈ ತಿರುಗಿಸಿದರೂ ಚಿತ್ರ ನುಣ್ಣಗೆ ಸಾಗುತ್ತದೆ ಮತ್ತು ಕೈ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಒಂಟಿ ಬೇಟೆಗಾರನಿಗೆ ಈ ಎರಡನೆಯ ಗುಣವೇ ಹೆಚ್ಚು ಮುಖ್ಯ, ಏಕೆಂದರೆ ಅವನು ಕ್ಯಾಮೆರಾವನ್ನು ಬಿಟ್ಟು ಬಿಲ್ಲನ್ನು ಹಿಡಿಯಲೇಬೇಕು. ಭಾರದ ಲೆನ್ಸಿನಿಂದ ಮೂತಿ ಮೆಲ್ಲನೆ ಕೆಳಗೆ ವಾಲುವ ಕ್ಯಾಮೆರಾ ಕೊನೆಗೆ ತೋರಿಸುವುದು ಹುಲ್ಲನ್ನು.

ತೋಳನ್ನು ಬಿಗಿದಾದ ಮೇಲೆ, ಬಾಣ ಹೂಡದೆ, ಪ್ರಾಣಿ ಬರಬಹುದಾದ ಪ್ರತಿ ದಿಕ್ಕಿಗೂ ತಿರುಗಿ, ಬಿಲ್ಲನ್ನು ಎತ್ತಿ ಆಡಿಸಿ ನೋಡಬೇಕು. ಬಿಲ್ಲಿನ ಕೊಂಬು ಕ್ಯಾಮೆರಾಕ್ಕೆ ತಗಲುತ್ತದೆಯೇ, ಮೈಕಿನ ತಂತಿ ಮೊಣಕೈಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದು ಆಗಲೇ ಗೊತ್ತಾಗಬೇಕು. ಅಟ್ಟಣೆಯ ಬೇಟೆಯಲ್ಲಿ ದೊಡ್ಡ ಅಪಾಯ ಬೀಳುವುದು. ಕ್ಯಾಮೆರಾ, ತೋಳು, ಬ್ಯಾಟರಿಗಳ ಚೀಲ ಹೆಗಲ ಮೇಲಿದ್ದರೆ ಆ ಅಪಾಯ ಇನ್ನೂ ಹೆಚ್ಚುತ್ತದೆ. ನೆಲ ಬಿಟ್ಟ ಕ್ಷಣದಿಂದ ಸುರಕ್ಷತಾ ಪಟ್ಟಿ ಮೈಮೇಲೆ ಇರಬೇಕು. ಬರಿದು ಮಾಡಿದ ಬಂದೂಕನ್ನೂ ಚೀಲವನ್ನೂ ಮೇಲೆ ಕೂತ ನಂತರ ಹಗ್ಗದಿಂದ ಎಳೆದುಕೊಳ್ಳಬೇಕು.

ಚೌಕಟ್ಟಿನ ವಿಷಯದಲ್ಲಿ ಹೊಸಬರ ಸಹಜ ಪ್ರವೃತ್ತಿ ಪ್ರಾಣಿಯನ್ನು ಆದಷ್ಟು ಹತ್ತಿರಕ್ಕೆ ಎಳೆಯುವುದು. ಪಕ್ಕದಲ್ಲಿ ಸಹಾಯಕನಿದ್ದರೆ ಅದು ಸರಿ; ಅವನು ಪ್ರಾಣಿಯ ಹೆಜ್ಜೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುತ್ತಾನೆ. ಒಬ್ಬನೇ ಇದ್ದರೆ, ಕ್ಯಾಮೆರಾದಿಂದ ಕೈ ತೆಗೆದು ಹೆದೆ ಎಳೆಯುವಷ್ಟರಲ್ಲಿ ಜಿಂಕೆ ಮೂರು ಹೆಜ್ಜೆ ಮುಂದೆ ಹೋಗಿ ಚೌಕಟ್ಟಿನಿಂದ ಹೊರಬಿದ್ದಿರುತ್ತದೆ. ಆದ್ದರಿಂದ ಪ್ರಾಣಿಯ ಮುಂದೆ ಮೂರು ನಾಲ್ಕು ಹೆಜ್ಜೆಯ ಖಾಲಿ ಜಾಗ ಬಿಟ್ಟು ಅಗಲವಾಗಿ ಚಿತ್ರೀಕರಿಸುವುದೇ ಜಾಣತನ. ಫೋರ್‌ಕೆ ಗುಣಮಟ್ಟದ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಬಿಂದುಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. ಅಂದರೆ ಅಗಲವಾಗಿ ಹಿಡಿದ ಫೋರ್‌ಕೆ ಚಿತ್ರದ ಕಾಲು ಭಾಗವನ್ನಷ್ಟೇ ಕತ್ತರಿಸಿ ತೆಗೆದರೂ ಅದು ಪೂರ್ಣ ಎಚ್‌ಡಿ ಚಿತ್ರವಾಗಿ ಉಳಿಯುತ್ತದೆ. ಜೂಮ್ ಮಾಡುವ ಕೆಲಸವನ್ನು ಸಂಕಲನದ ಮೇಜಿಗೆ ಮುಂದೂಡಬಹುದು.

ರೆಕಾರ್ಡ್ ಗುಂಡಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಹೆಚ್ಚಿನ ಕ್ಯಾಮೆರಾಗಳಲ್ಲಿ ದಾಖಲೆ ಆರಂಭಿಸುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಗುಂಡಿ. ಎದೆ ಡವಗುಟ್ಟುವ ಹೊತ್ತಿನಲ್ಲಿ ಬೇಟೆಗಾರ ಅದನ್ನು ಒತ್ತಿದ್ದನ್ನು ಮರೆತು ಮತ್ತೊಮ್ಮೆ ಒತ್ತುತ್ತಾನೆ. ದಾಖಲೆ ಅಲ್ಲಿಗೆ ನಿಲ್ಲುತ್ತದೆ. ಬಾಣ ಬಿಟ್ಟು ಮುಗಿದ ಮೇಲೆ, ನಿಲ್ಲಿಸಲೆಂದು ಮೂರನೆಯ ಸಲ ಒತ್ತಿದಾಗ ಅದು ಶುರುವಾಗುತ್ತದೆ. ಹೀಗೆ ಚೀಲದ ಒಳಭಾಗದ, ಬೂಟಿನ ತುದಿಯ ದೀರ್ಘ ಚಿತ್ರಗಳು ಉಳಿಯುತ್ತವೆ, ಬೇಟೆಯದು ಮಾತ್ರ ಇರುವುದಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುವ ಗಾದೆಯನ್ನು ಈ ಗುಂಡಿಯನ್ನು ನೋಡಿಯೇ ಮಾಡಿರಬೇಕು. ಪರಿಹಾರ ಎರಡು. ಒಂದು, ಗುಂಡಿ ಒತ್ತಿದ ಮೇಲೆ ಪರದೆಯ ಕೆಂಪು ಚಿಹ್ನೆಯನ್ನೋ ಓಡುವ ಸಮಯದ ಅಂಕಿಯನ್ನೋ ಕಣ್ಣಾರೆ ನೋಡದೆ ಕೈ ತೆಗೆಯದಿರುವ ಅಭ್ಯಾಸ. ಇನ್ನೊಂದು, ಗುಂಡಿ ಒತ್ತುವ ಮೊದಲಿನ ಕೆಲವು ಸೆಕೆಂಡುಗಳನ್ನೂ ಉಳಿಸಿಕೊಡುವ ಪ್ರೀ-ರೆಕಾರ್ಡ್ ಸೌಲಭ್ಯವುಳ್ಳ ಕ್ಯಾಮೆರಾ. ಅದು ಸದಾ ಚಿತ್ರೀಕರಿಸುತ್ತ ಹಳೆಯದನ್ನು ಅಳಿಸುತ್ತ ಇರುತ್ತದೆ, ಗುಂಡಿ ಒತ್ತಿದೊಡನೆ ಅಳಿಸುವುದನ್ನು ಬಿಡುತ್ತದೆ. ಬ್ಯಾಟರಿ ಬೇಗ ತೀರುತ್ತದೆ ಎಂಬುದಷ್ಟೇ ಅದರ ಕೊರತೆ.

ಸ್ವಯಂಚಾಲಿತ ಫೋಕಸ್ಸಿಗೆ ಜಿಂಕೆಗಿಂತ ಜಿಂಕೆಯ ಮುಂದಿನ ಕಡ್ಡಿ ಪ್ರಿಯ. ಹತ್ತಿರದ, ಸ್ಪಷ್ಟ ಅಂಚುಳ್ಳ ವಸ್ತುವನ್ನು ಅದು ಹಿಡಿದುಕೊಳ್ಳುತ್ತದೆ. ಮಬ್ಬು ಬೆಳಕಿನಲ್ಲಿ ಕಂದು ಮೈಯ ಪ್ರಾಣಿ ಅದಕ್ಕೆ ಕಾಣುವುದೇ ಕಷ್ಟ. ಪ್ರಾಣಿಗಳ ಕಣ್ಣನ್ನು ಗುರುತಿಸುವ ಹೊಸ ಕ್ಯಾಮೆರಾಗಳೂ ದಟ್ಟ ಪೊದೆಯಲ್ಲಿ ತಡವರಿಸುತ್ತವೆ. ಬಾಣದ ಬೇಟೆಯಲ್ಲಿ ದೂರದ ಮಿತಿ ಮೊದಲೇ ಗೊತ್ತಿರುತ್ತದೆಯಾದ್ದರಿಂದ, ಆ ದೂರದಲ್ಲಿರುವ ಒಂದು ಮರಕ್ಕೆ ಕೈಯಿಂದ ಫೋಕಸ್ ಮಾಡಿ ಬೀಗ ಹಾಕಿಡುವುದು ಹೆಚ್ಚು ಭರವಸೆಯ ದಾರಿ. ಅಗಲವಾಗಿ ಚಿತ್ರೀಕರಿಸುವಾಗ ಸ್ಪಷ್ಟವಾಗಿ ಕಾಣುವ ಆಳವೂ ಹೆಚ್ಚಿರುವುದರಿಂದ, ಪ್ರಾಣಿ ಆ ಮರಕ್ಕಿಂತ ಸ್ವಲ್ಪ ಹಿಂದೆ ಮುಂದೆ ನಿಂತರೂ ಚಿತ್ರ ಕೆಡುವುದಿಲ್ಲ.

ಬೆಳಕಿನ ಲೆಕ್ಕ ಇದಕ್ಕಿಂತ ತುಸು ಜಟಿಲ. ಪ್ರಾಣಿಗಳು ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಕ್ಯಾಮೆರಾ ಕಷ್ಟಪಡುವುದೂ ಆಗಲೇ. ಸೆಕೆಂಡಿಗೆ 25 ಚೌಕಟ್ಟುಗಳಂತೆ, ಅಂದರೆ 25 ಬಿಡಿ ಚಿತ್ರಗಳಂತೆ, ಚಿತ್ರೀಕರಿಸುವಾಗ ಶಟರ್ ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ನಿಧಾನಗತಿಯ ದೃಶ್ಯ ಬೇಕೆಂದು 120 ಚೌಕಟ್ಟುಗಳಿಗೆ ಹೋದರೆ ಅದು 240ನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆನ್ಸರಿಗೆ ತಲುಪುವ ಬೆಳಕು ಸುಮಾರು ಐದನೇ ಒಂದು ಭಾಗಕ್ಕೆ ಕುಸಿಯುತ್ತದೆ. ಹಾಗೆಂದು ಸದಾ 25ರಲ್ಲೇ ಇರುವುದೂ ನಷ್ಟವೇ. ತುದಿಗಳಲ್ಲಿ ರಾಟೆಗಳಿರುವ ಈಗಿನ ಕಾಂಪೌಂಡ್ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 85 ಮೀಟರ್ ಎಂದುಕೊಂಡರೆ, 20 ಮೀಟರ್ ದೂರವನ್ನು ಅದು ಕಾಲು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕ್ರಮಿಸುತ್ತದೆ. 25ರ ಗತಿಯಲ್ಲಿ ಆ ಹಾರಾಟ ಐದಾರು ಚೌಕಟ್ಟುಗಳಲ್ಲಿ ಮುಗಿದುಹೋಗುತ್ತದೆ. 120ರಲ್ಲಿ 28 ಚೌಕಟ್ಟುಗಳು ಸಿಗುತ್ತವೆ. ಹಗಲು ಚೆನ್ನಾಗಿರುವಾಗ ಹೆಚ್ಚಿನ ಗತಿ, ಬೆಳಕು ಇಳಿಯತೊಡಗಿದಾಗ ಕಡಿಮೆ ಗತಿ ಎಂದು ಗಡಿಯಾರ ನೋಡಿ ಬದಲಾಯಿಸಿಕೊಳ್ಳುವುದು ಒಳ್ಳೆಯ ರೂಢಿ. ಪ್ರಾಣಿ ಬಂದ ಮೇಲೆ ಕ್ಯಾಮೆರಾದ ಮೆನು ತೆರೆದು ಗತಿ ಬದಲಿಸಲು ಹೊರಡುವವನಿಗೆ ಎರಡೂ ಸಿಗುವುದಿಲ್ಲ.

ಬೆಳಕಿಗೆ ಕಾನೂನಿನ ಮುಖವೂ ಇದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆಯಂಥ ಪ್ರಾಣಿಗಳನ್ನು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರದ ಅರ್ಧ ಗಂಟೆಯವರೆಗೆ ಮಾತ್ರ ಬೇಟೆಯಾಡಬಹುದು. ವಲಸೆ ಹಕ್ಕಿಗಳ ವಿಷಯದಲ್ಲಿ ಒಕ್ಕೂಟದ ನಿಯಮ ಸೂರ್ಯಾಸ್ತಕ್ಕೇ ನಿಲ್ಲುತ್ತದೆ. ಕ್ಯಾಮೆರಾದ ಪರದೆ ಈ ವಿಷಯದಲ್ಲಿ ಎರಡು ರೀತಿಯಲ್ಲೂ ಮೋಸ ಮಾಡುತ್ತದೆ. ಸೂಕ್ಷ್ಮತೆ ಹೆಚ್ಚಿಸಿದ ದೊಡ್ಡ ಸೆನ್ಸರ್, ಕಣ್ಣಿಗೆ ಕತ್ತಲಾಗಿರುವುದನ್ನೂ ಬೆಳಗಿ ತೋರಿಸಿ ಇನ್ನೂ ಹೊತ್ತಿದೆ ಎನಿಸುತ್ತದೆ. ಸಣ್ಣ ಸೆನ್ಸರ್, ಅವಧಿಯೊಳಗಿನ ದೃಶ್ಯವನ್ನೂ ರಾತ್ರಿಯಂತೆ ತೋರಿಸುತ್ತದೆ. ಗುರಿ ಇಡುವ ಮುನ್ನ ಪ್ರಾಣಿಯನ್ನು ಗುರುತಿಸಬೇಕಾದದ್ದು ಬರಿಗಣ್ಣಿನಿಂದ ಅಥವಾ ದುರ್ಬೀನಿನಿಂದ. ಕ್ಯಾಮೆರಾದ ಗಡಿಯಾರವನ್ನು ಸರಿಯಾದ ಸಮಯಕ್ಕೆ ಹೊಂದಿಸಿಟ್ಟರೆ, ಕಪ್ಪಾಗಿ ಕಾಣುವ ದೃಶ್ಯದ ಬಗ್ಗೆ ಯಾರಾದರೂ ಪ್ರಶ್ನಿಸಿದಾಗ ಉತ್ತರಕ್ಕೆ ಆಧಾರವಿರುತ್ತದೆ.

ಬೇಟೆಗಾರ ಪ್ರಾಣಿಗೆ ಕಾಣದಂತೆ ಇರಬೇಕು, ಆದರೆ ಅವನ ಸಲಕರಣೆ ಮಿನುಗುತ್ತದೆ, ಪೀಪಿಗುಟ್ಟುತ್ತದೆ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆಯವು. ಕೆಂಪು, ಕಿತ್ತಳೆಗಳನ್ನು ಅದು ನಮ್ಮಂತೆ ಕಾಣಲಾರದು, ನೀಲಿಯನ್ನಾದರೋ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಕ್ಯಾಮೆರಾದ ಮುಂದಿನ ಪುಟ್ಟ ಕೆಂಪು ದೀಪಕ್ಕಿಂತ, ನಸುಕಿನಲ್ಲಿ ಬೇಟೆಗಾರನ ಮುಖವನ್ನು ಬೆಳಗುವ ಪರದೆಯ ನೀಲಿ ಛಾಯೆಯೇ ಹೆಚ್ಚು ಅಪಾಯ. ದೀಪವನ್ನೂ ಪೀಪಿ ಸದ್ದನ್ನೂ ಆರಿಸಿ, ಪರದೆಯ ಹೊಳಪನ್ನು ತೀರಾ ಇಳಿಸಬೇಕು. ಇಷ್ಟೆಲ್ಲ ಮಾಡಿದರೂ ಪ್ರಾಣಿಯನ್ನು ಬೆದರಿಸುವುದು ಹೆಚ್ಚಾಗಿ ಚಲನೆ. ಕ್ಯಾಮೆರಾವನ್ನು ತಿರುಗಿಸುವುದಿದ್ದರೆ ಜಿಂಕೆಯ ತಲೆ ಮರದ ಹಿಂದೆ ಮರೆಯಾದಾಗಲೋ ಮೇಯಲು ಬಾಗಿದಾಗಲೋ ತಿರುಗಿಸಬೇಕು.

ಚಳಿಯಲ್ಲಿ ಲಿಥಿಯಂ ಬ್ಯಾಟರಿಗಳ ಸಾಮರ್ಥ್ಯ ತೀವ್ರವಾಗಿ ಕುಗ್ಗುತ್ತದೆ. ಹೆಚ್ಚುವರಿ ಬ್ಯಾಟರಿಗಳನ್ನು ಚೀಲದಲ್ಲಿಡದೆ ಒಳ ಜೇಬಿನಲ್ಲಿ, ಮೈಯ ಬಿಸಿ ತಾಗುವಂತೆ ಇಟ್ಟುಕೊಳ್ಳಬೇಕು. ಕೊರೆದುಹೋದ ಕ್ಯಾಮೆರಾವನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಲೆನ್ಸಿನೊಳಗೂ ಪಸೆ ಕಟ್ಟುತ್ತದೆ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದುಕೊಂಡು, ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲಿ ಬಿಟ್ಟು ಮೆಲ್ಲನೆ ಬಿಸಿಗೆ ಒಗ್ಗಿಸಬೇಕು. ಕಾರ್ಡಿನ ಲೆಕ್ಕ ಸರಳ: ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಚಿತ್ರಕ್ಕೆ 45 ಗಿಗಾಬೈಟ್ ಬೇಕು.

ಧ್ವನಿಯನ್ನು ಬಹುತೇಕರು ಅಲಕ್ಷಿಸುತ್ತಾರೆ, ನನ್ನ ಮಟ್ಟಿಗೆ ಅದು ದೃಶ್ಯಕ್ಕಿಂತ ಕಷ್ಟದ ಕೆಲಸ. ಬೇಟೆಗಾರ ಪಿಸುಗುಟ್ಟುತ್ತಾನೆ, ಮರುಕ್ಷಣ ರೈಫಲ್ ಸಿಡಿಯುತ್ತದೆ. ಮೊದಲನೆಯದಕ್ಕೆ ಹೊಂದಿಸಿದ ಮೈಕ್ ಎರಡನೆಯದರಲ್ಲಿ ಒಡೆದು ಬರೀ ಕರ್ಕಶವನ್ನು ದಾಖಲಿಸುತ್ತದೆ. ಎರಡು ವಾಹಿನಿಗಳಲ್ಲಿ ದಾಖಲಿಸಿ, ಒಂದರ ಮಟ್ಟವನ್ನು ಪಿಸುಮಾತಿಗೂ ಇನ್ನೊಂದರದನ್ನು ಬಹಳ ತಗ್ಗಿಸಿ ಸಿಡಿತಕ್ಕೂ ಹೊಂದಿಸುವುದು ಹಳೆಯ ಉಪಾಯ. ಪಿಸುಮಾತನ್ನೂ ಸಿಡಿತವನ್ನೂ ಒಂದೇ ದಾಖಲೆಯಲ್ಲಿ ಹಿಡಿಯಬಲ್ಲ, ಈಗ ಬರುವ 32 ಬಿಟ್ ಫ್ಲೋಟ್ ರೆಕಾರ್ಡರುಗಳು ಆ ತಲೆನೋವನ್ನು ಬಹುಮಟ್ಟಿಗೆ ಕಡಿಮೆ ಮಾಡಿವೆ. ಗಾಳಿಯ ಗೊರಗೊರ ತಡೆಯಲು ಮೈಕಿಗೆ ತುಪ್ಪಳದ ಹೊದಿಕೆ ಅಗತ್ಯ.

ಧ್ವನಿಯ ವೇಗದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ, ಇದು ಚಿತ್ರೀಕರಣದ ನಿಜವಾದ ಉಪಯೋಗಕ್ಕೆ ನಮ್ಮನ್ನು ತರುತ್ತದೆ. ಹೆದೆಯ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗಿ 20 ಮೀಟರ್ ಆಚೆಯ ಜಿಂಕೆಯನ್ನು ಸೆಕೆಂಡಿನ ನೂರರಲ್ಲಿ ಆರು ಭಾಗದಲ್ಲೇ ಮುಟ್ಟುತ್ತದೆ. ಬಾಣ ಬರಲು ನೂರರಲ್ಲಿ ಇಪ್ಪತ್ತನಾಲ್ಕು ಭಾಗ ಬೇಕು. ನಡುವಿನ ಆ ಅಂತರದಲ್ಲಿ, ಓಡಲು ಅಣಿಯಾಗುವ ಜಿಂಕೆ ಕಾಲು ಮಡಚಿ ಮೈಯನ್ನು ಕೆಳಕ್ಕೆ ಕುಗ್ಗಿಸಿರುತ್ತದೆ. ನೆಟ್ಟಗೆ ಹೋದ ಬಾಣ ಉದ್ದೇಶಿಸಿದ ಜಾಗಕ್ಕಿಂತ ಮೇಲೆ ನಾಟುತ್ತದೆ. ಬಿಲ್ಲಿನ ಹಿಂದೆ ನಿಂತವನಿಗೆ ಇದು ಕಾಣುವುದೇ ಇಲ್ಲ. ಬಾಣ ಎದೆಗೇ ತಾಗಿತು ಎಂದು ಅವನು ಆಣೆ ಮಾಡಿ ಹೇಳಬಲ್ಲ. ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ಸರಿಸಿ ನೋಡಿದಾಗ ಮಾತ್ರ ಸತ್ಯ ಹೊರಬೀಳುತ್ತದೆ.

ಆ ಸತ್ಯದ ಮೇಲೆ ಮುಂದಿನ ನಡೆ ನಿಂತಿದೆ. ಹೃದಯ, ಶ್ವಾಸಕೋಶಗಳಿಗೆ ಪೆಟ್ಟು ಬಿದ್ದ ಜಿಂಕೆ ಹಲವು ಸಲ ಹಿಂಗಾಲು ಝಾಡಿಸಿ ವೇಗವಾಗಿ ಓಡುತ್ತದೆ; ಕರುಳಿಗೆ ತಗುಲಿದ್ದು ಬೆನ್ನು ಗೂನು ಮಾಡಿಕೊಂಡು ನಿಧಾನವಾಗಿ ನಡೆದುಹೋಗುತ್ತದೆ. ಮೊದಲನೆಯದರ ಜಾಡು ಹಿಡಿಯಲು ಅರ್ಧ ಗಂಟೆ ಕಾದರೆ ಸಾಕು ಎಂದೂ, ಎರಡನೆಯದಕ್ಕೆ ಆರರಿಂದ ಹನ್ನೆರಡು ಗಂಟೆ ಬೇಕೆಂದೂ ಅನುಭವಿ ಬಿಲ್ಲುಗಾರರು ಕಲಿಸುತ್ತಾರೆ, ಏಕೆಂದರೆ ಬೇಗ ಬೆನ್ನಟ್ಟಿದರೆ ಅದು ಎದ್ದು ಮತ್ತಷ್ಟು ದೂರ ಹೋಗಿ ಸಿಗದೇ ಹೋಗುತ್ತದೆ. ಎಲ್ಲಿ ಕಣ್ಮರೆಯಾಯಿತು, ಯಾವ ಮರದ ಎಡಕ್ಕೆ ಹಾಯಿತು ಎಂಬುದನ್ನೂ ದೃಶ್ಯ ನೆನಪಿಗಿಂತ ನಂಬಿಕೆಯಾಗಿ ಹೇಳುತ್ತದೆ. ಆದ್ದರಿಂದ ಬಾಣ ಬಿಟ್ಟ ಮೇಲೆ ಸಂಭ್ರಮಿಸಲು ಕ್ಯಾಮೆರಾವನ್ನು ತನ್ನ ಮುಖಕ್ಕೆ ತಿರುಗಿಸಿಕೊಳ್ಳುವ ಬದಲು ಪ್ರಾಣಿ ಓಡಿದ ದಿಕ್ಕಿಗೇ ಬಿಟ್ಟಿರಬೇಕು. ಒಂದು ಎಚ್ಚರಿಕೆ ಇದೆ. ಕ್ಯಾಮೆರಾ ಬೇಟೆಗಾರನ ಕಣ್ಣಿನ ಪಕ್ಕದಿಂದ ನೋಡುವುದರಿಂದ ಅದರ ಕೋನ ತುಸು ಬೇರೆ, ಮತ್ತು ಬಿಸಿಲಿನಲ್ಲಿ ಸಣ್ಣ ಪರದೆ ಸ್ಪಷ್ಟವಾಗಿ ಕಾಣುವುದಿಲ್ಲ. ಅನುಮಾನವಿದ್ದರೆ ಹೆಚ್ಚು ಕಾಯುವ ಕಡೆಗೇ ವಾಲಬೇಕು.

ಬಂದೂಕಿಗೋ ಅದರ ಸ್ಕೋಪಿಗೋ ಕ್ಯಾಮೆರಾ ಜೋಡಿಸುವ ಪರಿಕರಗಳು ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ನನಗೆ ಒಪ್ಪಿಗೆಯಿಲ್ಲದ ಒಂದು ಅಂಶವಿದೆ: ಅಲ್ಲಿ ಏನನ್ನು ಚಿತ್ರೀಕರಿಸಬೇಕಾದರೂ ನಳಿಗೆಯನ್ನು ಅದರ ಕಡೆಗೇ ಹಿಡಿಯಬೇಕು. ಪೊದೆಯಲ್ಲಿ ಅಲುಗಿದ್ದು ಏನೆಂದು ನೋಡುವ ಕುತೂಹಲದಲ್ಲಿ, ತುಂಬಿದ ಬಂದೂಕು ಇನ್ನೊಬ್ಬ ಬೇಟೆಗಾರನತ್ತ ತಿರುಗಿರಬಹುದು. ಎರಡನೆಯ ಕೋನ ಬೇಕಿದ್ದರೆ ಪುಟ್ಟ ಕ್ಯಾಮೆರಾವನ್ನು ಕೊಂಬೆಗೆ ಕಟ್ಟಿ, ಪವರ್ ಬ್ಯಾಂಕ್ ಜೋಡಿಸಿ, ಬೇಟೆಗಾರನ ಮುಖಕ್ಕೆ ತಿರುಗಿಸಿ ಬಿಡುವುದು ಲೇಸು.

ಕಾನೂನಿನ ದೃಷ್ಟಿಯಲ್ಲಿ ಬೇಟೆಯನ್ನು ದಾಖಲಿಸುವ ಕ್ಯಾಮೆರಾ ಬೇರೆ, ಬೇಟೆಗೆ ನೆರವಾಗುವ ಕ್ಯಾಮೆರಾ ಬೇರೆ. ಅಮೆರಿಕದ ಬಿಲ್ಲುಬೇಟೆಯ ದಾಖಲೆಗಳನ್ನು ಇಡುವ ಪೋಪ್ ಅಂಡ್ ಯಂಗ್ ಕ್ಲಬ್ ಬಿಲ್ಲಿಗೆ ವಿದ್ಯುನ್ಮಾನ ಸಾಧನ ಜೋಡಿಸುವುದನ್ನು ನಿರ್ಬಂಧಿಸಿದರೂ, ಬೆಳಕು ಚೆಲ್ಲದ, ದೂರ ಅಳೆಯಲೂ ಗುರಿ ಇಡಲೂ ನೆರವಾಗದ ರೆಕಾರ್ಡಿಂಗ್ ಸಾಧನಕ್ಕೆ ವಿನಾಯಿತಿ ಕೊಟ್ಟದ್ದು ಈ ತರ್ಕದಿಂದಲೇ. ಅದೇ ತರ್ಕದ ಇನ್ನೊಂದು ತುದಿಯಲ್ಲಿ, ಪ್ರಾಣಿಗಳ ಓಡಾಟ ತಿಳಿಯಲು ಜಾಡಿನಲ್ಲಿ ಕಟ್ಟಿಡುವ ಕ್ಯಾಮೆರಾಗಳನ್ನು ಬೇಟೆಗೆ ಬಳಸುವುದನ್ನು ಅರಿಜೋನಾ ರಾಜ್ಯ 2022ರಿಂದ ನಿಷೇಧಿಸಿದೆ. ಡ್ರೋನ್ ಈ ಗೆರೆಯ ಮೇಲೆಯೇ ನಿಂತಿದೆ. ಬೆಟ್ಟದ ಸೊಬಗನ್ನು ತೋರಿಸಲು ಹಾರಿಸಿದರೂ ಅದು ಪ್ರಾಣಿಯನ್ನು ಹುಡುಕಿಕೊಟ್ಟಿತೇ ಅಥವಾ ಬೆದರಿಸಿತೇ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅಮೆರಿಕದ ಅನೇಕ ರಾಜ್ಯಗಳಲ್ಲಿ ಬೇಟೆಗೆ ಅದರ ಬಳಕೆ ಅಪರಾಧ. ಬೇಟೆಯ ಹೊತ್ತಿನಲ್ಲಿ ಅದನ್ನು ಮನೆಯಲ್ಲೇ ಬಿಡುವುದು ಕ್ಷೇಮ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ ನಿಷಿದ್ಧವಾಗಿರುವುದರಿಂದ ಇಲ್ಲಿ ಹೇಳಿದ್ದೆಲ್ಲ ಅನುಮತಿಯಿರುವ ದೇಶಗಳಿಗೆ ಮಾತ್ರ ಅನ್ವಯ.

ತಾನೇ ತೆಗೆದ ದೃಶ್ಯ ತನ್ನ ವಿರುದ್ಧವೇ ಸಾಕ್ಷಿಯಾಗಬಹುದು ಎಂಬುದನ್ನು ಮರೆಯಬಾರದು. ಅಕ್ರಮವಾಗಿ ಕೊಂದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧವೆನ್ನುವ ಅಮೆರಿಕದ ಲೇಸಿ ಕಾಯ್ದೆ 1900ರಷ್ಟು ಹಳೆಯದು. ಕ್ಯಾಮೆರಾದ ಕಡತದಲ್ಲಿ ತಾನೇ ತಾನಾಗಿ ಕೂರುವ ದಿನಾಂಕ, ಸಮಯ, ಸ್ಥಳದ ವಿವರಗಳು ಅಂಥ ತನಿಖೆಗೆ ನೇರವಾಗಿ ಒದಗುತ್ತವೆ. ನಿಯಮ ಪಾಲಿಸಿದವನಿಗೆ ಅದೇ ವಿವರ ರಕ್ಷಣೆ. ಆದ್ದರಿಂದ ಕತ್ತರಿಸದ ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ಇತರರಿಗೆ ತೋರಿಸುವ ಪ್ರತಿಯಿಂದ ಮಾತ್ರ ಸ್ಥಳದ ವಿವರವನ್ನು ಅಳಿಸಬೇಕು; ಇಲ್ಲವಾದರೆ ಜಮೀನಿನ ಒಡೆಯನ ಬಾಗಿಲಿಗೆ ಅಪರಿಚಿತರು ಬಂದು ನಿಲ್ಲುತ್ತಾರೆ.

ಸಂಕಲನದಲ್ಲಿ ಒಂದು ಅಡ್ಡದಾರಿ ಬಹಳ ಬಳಕೆಯಲ್ಲಿದೆ. ಕುದುರೆ ಒತ್ತುವ ಬೆರಳು, ಹೆದೆ ಎಳೆಯುವ ಕೈ, ಪ್ರಾಣಿಯನ್ನು ಕಂಡು ಅರಳುವ ಕಣ್ಣು ಇವುಗಳ ಹತ್ತಿರದ ದೃಶ್ಯಗಳನ್ನು ಬೇಟೆ ಮುಗಿದ ಮೇಲೆ ಮತ್ತೆ ಅಭಿನಯಿಸಿ ಚಿತ್ರೀಕರಿಸಿ, ನಡುವೆ ಸೇರಿಸುತ್ತಾರೆ. ಒಬ್ಬನೇ ಇರುವವನಿಗೆ ಅವು ಬೇರೆ ರೀತಿಯಲ್ಲಿ ದಕ್ಕುವುದಿಲ್ಲ ಎಂಬುದು ನಿಜ, ಮತ್ತು ಆಯುಧ ಬರಿದಾಗಿದ್ದರೆ ಅದರಲ್ಲಿ ಅಪಾಯವೂ ಇಲ್ಲ. ಆದರೆ ತಾಗಿದ ಬಾಣದ ದೃಶ್ಯವನ್ನು ಬೇರೆ ಬೇಟೆಯಿಂದ ಎರವಲು ತರುವುದು, ತಪ್ಪಿದ ಮೊದಲ ಗುಂಡನ್ನು ಕತ್ತರಿಸಿ ಎರಡನೆಯದನ್ನೇ ಮೊದಲನೆಯದೆಂದು ತೋರಿಸುವುದು, ರಾತ್ರಿಯಿಡೀ ಜಾಡು ಹುಡುಕಿದ್ದನ್ನು ಎರಡು ಸೆಕೆಂಡಿಗೆ ಇಳಿಸುವುದು ಬೇರೆಯೇ ವಿಷಯ. ಅದನ್ನು ನೋಡಿ ಕಲಿಯುವ ಹೊಸಬರು ಎಷ್ಟು ದೂರದಿಂದ ಗುರಿ ಇಡಬಹುದು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೇ ತಪ್ಪಾಗಿ ಕಲಿಯುತ್ತಾರೆ. ಕಾದ ಅವಧಿಯನ್ನು ದೃಶ್ಯದ ಮೂಲೆಯಲ್ಲಿ ಒಂದು ಸಾಲಿನ ಬರಹವಾಗಿ ಹಾಕಿದರೂ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.